ಎಂಜಿನ್ ತೊಳೆಯುವ ಮೊದಲು ಧೂಳು ನೋಡಿ: ಹಳೇ ಅಂಬಾಸಿಡರ್‌ನ ಟಿಕ್ ಟಿಕ್ ಸದ್ದು

ಬಳ್ಳಾರಿಯಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಅದಿರಿನ ಕೆಂಪು ಧೂಳನ್ನು ಬೈಯದ ದಿನವಿಲ್ಲ. ಸಂಡೂರು, ತೋರಣಗಲ್ಲು ಕಡೆ ನಾಲ್ಕು ಸಲ ಹೋಗಿ ಬಂದರೆ ಸಾಕು, ಬಾನೆಟ್ ಒಳಗೆ ಕುಂಕುಮ ಚೆಲ್ಲಿದ ಹಾಗೆ ಪದರ ಕೂರುತ್ತದೆ. ಆದರೆ ಎಂಜಿನ್‌ನಲ್ಲಿ ಗೊತ್ತಾಗದ ಸದ್ದು ಶುರುವಾದಾಗ ಮೊದಲ ಸಾಕ್ಷಿ ಅದೇ ಧೂಳು. ಹೆಚ್ಚಿನವರು ನೇರ ವಾಟರ್ ಸರ್ವಿಸ್‌ಗೆ ಬಿಟ್ಟು, ಆಮೇಲೆ ಮೆಕ್ಯಾನಿಕ್ ಹತ್ತಿರ ಒಯ್ಯುತ್ತಾರೆ. ನಾನು ತೊಳೆಯುವುದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಇಲ್ಲಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್‌ನ ಅಂಬಾಸಿಡರ್ ವಿಷಯ. ಲಕ್ಷಣ ಹೀಗೆ: ಬೆಳಿಗ್ಗೆ ಕೌಲ್ ಬಜಾರ್‌ನಲ್ಲಿ ಸ್ಟಾರ್ಟ್ ಮಾಡಿದರೆ ಚುರುಕಾದ ಟಿಕ್ ಟಿಕ್, ರಾಯಲ್ ಸರ್ಕಲ್ ದಾಟುವಷ್ಟರಲ್ಲಿ ಅರ್ಧ ಕಮ್ಮಿ, ಎಂಜಿನ್ ಪೂರ್ತಿ ಕಾದ ಮೇಲೆ ಮಾಯ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮಾತ್ರ ಮತ್ತೆ ಇಣುಕುತ್ತದೆ. ಕೇಳಿದವರೆಲ್ಲ ಹೇಳುವುದು ಒಂದೇ, "ಟ್ಯಾಪೆಟ್ ಟೈಟ್ ಮಾಡಿಸಿ", ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್ ಕಮ್ಮಿ ಮಾಡಿಸಿ.

ಸ್ಪಾನರ್ ಮುಟ್ಟುವ ಮುಂಚೆ ಸದ್ದಿನ ವೇಗ ನೋಡಬೇಕು. ಐಡಲ್ 700 ಆರ್‌ಪಿಎಂ ಇದ್ದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಸೆಕೆಂಡಿಗೆ ಸುಮಾರು 12 ಸುತ್ತು, ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್) ಅದರ ಅರ್ಧ, ಅಂದರೆ 6. ಪ್ಲಗ್ ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟನ್ನು ಒಂದನೇ ಪ್ಲಗ್ ವೈರಿಗೆ ಹಾಕಿದರೆ ಅದು ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ ಮಿನುಗುತ್ತದೆ. ಟಿಕ್ ಆ ಮಿನುಗಿಗೆ ತಾಳ ಹಾಕಿದರೆ ಅನುಮಾನ ನಾಲ್ಕರ ಮೇಲೆ: ಟ್ಯಾಪೆಟ್, ಪೆಟ್ರೋಲ್ ಪಂಪಿನ ಆರ್ಮ್, ಒಂದೇ ಸಿಲಿಂಡರಿನ ಎಕ್ಸಾಸ್ಟ್ ಲೀಕ್, ಪಿಸ್ಟನ್ ಸ್ಲ್ಯಾಪ್ (ಸವೆದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಬಡಿಯುವುದು). ತಾಳ ಸೇರದಿದ್ದರೆ ಫ್ಯಾನ್ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸಿ, ಅದಕ್ಕಿಂತ ಹೆಚ್ಚು ಬೇಡ. ವಾಟರ್ ಪಂಪ್ ನಿಂತಿರುತ್ತದೆ, ನಮ್ಮ ಬಿಸಿಲಿನಲ್ಲಿ ನೀರು ಕುದಿಯಲು ಹೊತ್ತು ಬೇಡ. ಬೆಲ್ಟ್ ಇಲ್ಲದಾಗ ಸದ್ದು ಹೋದರೆ ಪಂಪ್ ಅಥವಾ ಡೈನಮೋ. ಫ್ಯಾನಿನ ರೆಕ್ಕೆ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಕೈಗೆ ಆಟ ಸಿಕ್ಕರೆ ಪಂಪ್ ಬೇರಿಂಗ್ ಮುಗಿದಿದೆ. ಬೋರ್‌ವೆಲ್ ನೀರು ಹಾಕುವ ಗಾಡಿಗಳಲ್ಲಿ ಪಂಪಿನ ಕೆಳಗಿನ ರಂಧ್ರದಿಂದ ಕೆಂಪು ಧೂಳಿನ ಮೇಲೆ ಬಿಳಿ ಸುಣ್ಣದ ಗೆರೆ ಇಳಿದಿರುತ್ತದೆ, ಬೇರೆ ಪರೀಕ್ಷೆಯೇ ಬೇಡ.

ಈ ಗಾಡಿಯಲ್ಲಿ ತಾಳ ಸೇರಿತು. ಮುಂದಿನ ಕೆಲಸಕ್ಕೆ ಎರಡೇ ಸಾಮಾನು: ಉದ್ದನೆಯ ಸ್ಕ್ರೂಡ್ರೈವರ್, ಎರಡು ಅಡಿ ರಬ್ಬರ್ ಪೈಪ್. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರೆ ಕಬ್ಬಿಣದೊಳಗಿನ ಬಡಿತ ಕೇಳುತ್ತದೆ. ಪೈಪ್ ಗಾಳಿಯಲ್ಲಿ ಬರುವುದನ್ನು ಕೇಳಿಸುತ್ತದೆ. ಫ್ಯಾನಿನಿಂದ ತೋಳು, ಟವೆಲ್, ಪೈಪಿನ ತುದಿ ಮೂರೂ ದೂರ ಇರಲಿ. ರಾಕರ್ ಕವರ್ ಮೇಲೆ ಸ್ಕ್ರೂಡ್ರೈವರ್ ಇಟ್ಟರೆ ಎಲ್ಲ ಕಡೆ ಒಂದೇ ಸಮ. ಪೆಟ್ರೋಲ್ ಪಂಪಿನ ಮೇಲೆ ಇಟ್ಟರೂ ಜೋರಿಲ್ಲ. ಪೈಪಿನ ಬಾಯಿಯನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಕಬ್ಬಿಣದ ಕೊಳವೆ) ಉದ್ದಕ್ಕೂ ಮೆಲ್ಲಗೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ಟಿಕ್ ಅನ್ನುವುದು "ಚಫ್" ಆಗಿ ಕಿವಿಗೆ ಹೊಡೆಯುತ್ತದೆ. ಟಾರ್ಚ್ ಹಾಕಿ ನೋಡಿದರೆ ಅಲ್ಲೇ, ಮ್ಯಾನಿಫೋಲ್ಡ್ ಎಂಜಿನ್‌ಗೆ ಕೂರುವ ಚಪ್ಪಟೆ ಅಂಚಿನ, ಅಂದರೆ ಫ್ಲ್ಯಾಂಜಿನ ಸಂದಿಯಲ್ಲಿ, ಕೆಂಪು ಪದರ ಹಾರಿಹೋಗಿ ಬೀಸಣಿಗೆ ಆಕಾರದಲ್ಲಿ ಕಪ್ಪು ಮಸಿ. ತೊಳೆಸಿದ್ದರೆ ಈ ಗುರುತು ಮೋರಿ ಸೇರಿರುತ್ತಿತ್ತು.

ಮೋಸ ಹೋಗುವುದು ಪಿಸ್ಟನ್ ಸ್ಲ್ಯಾಪ್ ವಿಷಯದಲ್ಲಿ. ಅದೂ ತಣ್ಣಗಿದ್ದಾಗ ಜೋರು, ಕಾದಾಗ ಕಮ್ಮಿ. ಆ ಸಿಲಿಂಡರಿನ ಪ್ಲಗ್ ವೈರ್ ತೆಗೆದು ಹಳೇ ಪ್ಲಗ್ಗಿಗೆ ಹಾಕಿ ಬ್ಲಾಕಿಗೆ ತಾಗಿಸಿ ಸ್ಟಾರ್ಟ್ ಮಾಡಿದರೆ ಎರಡೂ ಇಳಿಯುತ್ತವೆ, ಹಾಗಾಗಿ ಆ ಪರೀಕ್ಷೆಯಿಂದ ತೀರ್ಮಾನ ಆಗದು. ತಣ್ಣಗಿರುವ ಎಂಜಿನ್‌ನ ಮ್ಯಾನಿಫೋಲ್ಡ್ ಸಂದಿಗೆ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿ. ಲೀಕ್ ಇದ್ದರೆ ಕಬ್ಬಿಣ ಬಿಸಿಯಾಗುವ ಮೊದಲೇ ಗುಳ್ಳೆ ಎದ್ದು ಒಡೆಯುತ್ತದೆ. ಕಾದ ಮೇಲೆ ಕಬ್ಬಿಣ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದು ಮಾಯವಾಗುವುದು ಇದಕ್ಕೇ.

ಟ್ಯಾಪೆಟ್ ಬಗ್ಗೆ ಒಂದು ಮಾತು. ಈ ಎಂಜಿನ್‌ಗೆ ಕಾದಾಗ 0.015 ಇಂಚು, ಅಂದರೆ 0.38 ಮಿ.ಮೀ. ಗ್ಯಾಪ್ ಇರಬೇಕು. ಮುಂದಿನಿಂದ ಹಿಂದಕ್ಕೆ ವಾಲ್ವ್‌ಗಳನ್ನು 1ರಿಂದ 8 ಅಂತ ಎಣಿಸಿ. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು ಹೊಂದಿಸಬೇಕು, ಯಾವಾಗಲೂ ಮೊತ್ತ 9. ಫೀಲರ್ (ಗ್ಯಾಪ್ ಅಳೆಯುವ ತೆಳು ಉಕ್ಕಿನ ಪಟ್ಟಿ) ಸರಿ ತೋರಿಸಿದರೂ ಸದ್ದು ನಿಲ್ಲದಿದ್ದರೆ ರಾಕರಿನ ತುದಿ ನೋಡಿ. ಅಲ್ಲಿ ಗುಳಿ ಬಿದ್ದಿದ್ದರೆ ಫೀಲರ್ ಪಟ್ಟಿ ಗುಳಿಯ ಮೇಲೆ ಸೇತುವೆಯ ಹಾಗೆ ಕೂರುತ್ತದೆ, ನಿಜವಾದ ಗ್ಯಾಪ್ ಇನ್ನೂ ಹೆಚ್ಚಿರುತ್ತದೆ. ಸದ್ದು ಅಡಗಲಿ ಅಂತ ಬಿಗಿ ಮಾಡಿದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ ಸುಡುತ್ತದೆ. ಎಕ್ಸಾಸ್ಟ್ ಲೀಕಿಗೆ ಟ್ಯಾಪೆಟ್ ಬಿಗಿ ಮಾಡಿ ವಾಲ್ವ್ ಸುಟ್ಟುಕೊಂಡ ಗಾಡಿಗಳು ಬೇಕಾದಷ್ಟಿವೆ.

ಲೀಕ್ ಸರಿಮಾಡಲು ಹಿಂದಿನ ರಾತ್ರಿಯೇ ಮ್ಯಾನಿಫೋಲ್ಡಿನ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಇಲ್ಲದಿದ್ದರೆ ಸ್ಟಡ್ ಹೆಡ್ಡಿನಲ್ಲೇ ಮುರಿಯುತ್ತದೆ. ಮ್ಯಾನಿಫೋಲ್ಡ್ ಕಳಚಿ ನೇರ ಪಟ್ಟಿ ಇಟ್ಟು ಫೀಲರ್ ಹಾಕಿ. 0.15 ಮಿ.ಮೀ. ಪಟ್ಟಿ ಒಳಹೊಕ್ಕರೆ ನಾನು ಫೇಸಿಂಗ್‌ಗೆ, ಅಂದರೆ ಮುಖ ಉಜ್ಜಿ ಸಮ ಮಾಡಿಸಲು, ಕಳಿಸುತ್ತೇನೆ. ಮತ್ತೆ ಮತ್ತೆ ಗ್ಯಾಸ್ಕೆಟ್ ಹೋಗುವ ಕಾರಣ ಅಡಗಿರುವುದು ಇಲ್ಲಿ. ಇನ್‌ಟೇಕ್, ಎಕ್ಸಾಸ್ಟ್ ಎರಡರ ಫ್ಲ್ಯಾಂಜನ್ನೂ ಒಂದೇ ದಪ್ಪ ವಾಷರ್ ಒತ್ತಿ ಹಿಡಿಯುತ್ತದೆ. ಎಕ್ಸಾಸ್ಟನ್ನು ಮಾತ್ರ ಉಜ್ಜಿಸಿದರೆ ಅದು ತೆಳ್ಳಗಾಗುತ್ತದೆ, ವಾಷರ್ ಓರೆಯಾಗಿ ಇನ್‌ಟೇಕ್ ಮೇಲಷ್ಟೇ ಕೂರುತ್ತದೆ, ಎಷ್ಟು ಬಿಗಿದರೂ ಎಕ್ಸಾಸ್ಟ್ ಸಡಿಲ. ಎರಡೂ ಫ್ಲ್ಯಾಂಜ್ ಒಂದೇ ದಪ್ಪ ಬರುವ ಹಾಗೆ ಹೇಳಿ ಮಾಡಿಸಬೇಕು. ನಾವು ಹೇಳದೆ ಲೇತ್‌ನವರು ಅದನ್ನು ಮಾಡುವುದಿಲ್ಲ.

ಹೊಸ ಗ್ಯಾಸ್ಕೆಟ್, ಹಿತ್ತಾಳೆ ನಟ್. ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ ಸುಮಾರು 2 ಕೆಜಿ-ಮೀಟರ್ ಟಾರ್ಕ್. ಸೈಲೆನ್ಸರ್ ಪೈಪಿನ ಕ್ಲ್ಯಾಂಪ್ ಮುರಿದಿದ್ದರೆ ಅದನ್ನೂ ಹಾಕಿಸಿ, ನೇತಾಡುವ ಪೈಪ್ ಮ್ಯಾನಿಫೋಲ್ಡನ್ನು ಕೆಳಗೆಳೆಯುತ್ತದೆ. ಒಮ್ಮೆ ಪೂರ್ತಿ ಕಾಯಿಸಿ, ತಣಿದ ಮೇಲೆ ಇನ್ನೊಂದು ಸಲ ಬಿಗಿ ನೋಡಬೇಕು. ಈಗ ಬೇಕಾದರೆ ಎಂಜಿನ್ ತೊಳೆಯಿರಿ. ತೋರಣಗಲ್ಲು ರಸ್ತೆಯಲ್ಲಿ ಒಂದೆರಡು ವಾರ ಓಡಿಸಿ ಬಾನೆಟ್ ಎತ್ತಿದಾಗ ಆ ಸಂದಿಯ ಸುತ್ತಲೂ ಧೂಳು ಒಂದೇ ಸಮ ಕೆಂಪಗೆ ಕೂತಿರಬೇಕು.