ನಿರಾಸೆ ತಂದ ಥ್ರಿಲ್ಲರಿಗೆ ವಿಮರ್ಶೆ ಬರೆಯುವ ಬಗೆ

ಮೆಚ್ಚಿಗೆಯಾದ ಚಿತ್ರದ ಬಗ್ಗೆ ಬರೆಯುವುದು ಸುಲಭ, ತೀರಾ ಕಳಪೆ ಚಿತ್ರವನ್ನು ಜರಿಯುವುದು ಇನ್ನೂ ಸುಲಭ. ಕೈ ಕಟ್ಟಿದಂತಾಗುವುದು ಚೆನ್ನಾಗಿ ಬರಬೇಕಿದ್ದೂ ಬಾರದ ಚಿತ್ರದ ಮುಂದೆ ಕುಳಿತಾಗ. ಅಂಥ ಚಿತ್ರಕ್ಕೆ ವಿಮರ್ಶೆ ಬರೆಯುವ ಕ್ರಮವನ್ನು 1995ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ಅಸ್ಯಾಸಿನ್ಸ್’ ಎಂಬ ಹಾಲಿವುಡ್ ಚಿತ್ರವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ಅದನ್ನು ಆರಿಸಲು ಕಾರಣವಿದೆ. ‘ದಿ ಓಮೆನ್’, ‘ಸೂಪರ್‌ಮ್ಯಾನ್’, ‘ಲೀಥಲ್ ವೆಪನ್’ ಚಿತ್ರಗಳ ನಿರ್ದೇಶಕ ರಿಚರ್ಡ್ ಡಾನರ್, ಹೆಸರಾಂತ ಛಾಯಾಗ್ರಾಹಕ ವಿಲ್ಮೋಸ್ ಜಿಗ್ಮಂಡ್, ಸಿಲ್ವೆಸ್ಟರ್ ಸ್ಟಲೋನ್, ಆಂಟೋನಿಯೊ ಬಾಂಡೆರಾಸ್, ಜೂಲಿಯನ್ ಮೂರ್ ಎಲ್ಲರೂ ಒಂದೇ ಕಡೆ ಸೇರಿದ್ದರೂ ಚಿತ್ರ ಕೈಗೂಡಲಿಲ್ಲ. ಸುಮಾರು 5 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 3 ಕೋಟಿ ಡಾಲರ್ ಮಾತ್ರ.

ಮೊದಲ ಸಲ ನೋಡುವಾಗ ಪೆನ್ನು ಹಿಡಿಯಬೇಡಿ. ಟಿಪ್ಪಣಿ ಮಾಡುತ್ತ ನೋಡುವವರಿಗೆ ಬೇಸರ ಬಂದ ಕ್ಷಣವೇ ಗೊತ್ತಾಗುವುದಿಲ್ಲ, ಏಕೆಂದರೆ ಬರೆಯುವ ಕೆಲಸವೇ ಅವರನ್ನು ಎಚ್ಚರವಾಗಿರಿಸುತ್ತದೆ. ಸುಮ್ಮನೆ ನೋಡಿ, ಆದರೆ ನಿಮ್ಮ ಕೈ ತಾನಾಗಿ ಫೋನಿನ ಕಡೆ ಹೋದ ನಿಮಿಷವನ್ನು ಮಾತ್ರ ನೆನಪಿಡಿ. ಎರಡನೆಯ ಸಲ ನೋಡುವಾಗ ನೋಟ್‌ಬುಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಸಾಲು ಮಾಡಿಕೊಂಡು, ಒಂದರಲ್ಲಿ ಸಮಯವನ್ನೂ ಇನ್ನೊಂದರಲ್ಲಿ ದೃಶ್ಯದಲ್ಲಿ ಯಾರಿಗೆ ಏನು ಬೇಕಾಗಿದೆ ಎಂಬುದನ್ನೂ ಮೂರನೆಯದರಲ್ಲಿ ಅದು ಪ್ರೇಕ್ಷಕರಿಗೆ ತಿಳಿದದ್ದು ಮಾತಿನಿಂದಲೋ ಕೃತಿಯಿಂದಲೋ ಎಂಬುದನ್ನೂ ಬರೆದುಕೊಳ್ಳಿ. ಈ ಮೂರನೆಯ ಸಾಲೇ ಮುಂದೆ ನಿಮ್ಮ ಬರಹದ ಬೆನ್ನೆಲುಬಾಗುತ್ತದೆ. ಚಿತ್ರದ ಉದ್ದ 132 ನಿಮಿಷವಾದ್ದರಿಂದ ಒಂದು ಸಂಜೆಯನ್ನು ಇದಕ್ಕೆಂದೇ ಮೀಸಲಿಡಬೇಕಾಗುತ್ತದೆ, ಅದೂ ನಿಮಗೆ ಇಷ್ಟವಾಗದ ಚಿತ್ರಕ್ಕೆ.

ಕಥೆಯನ್ನು ಎರಡು ಮೂರು ವಾಕ್ಯಗಳಲ್ಲಿ ಮುಗಿಸಿ. ನಮ್ಮಲ್ಲಿ ಅನೇಕ ವಿಮರ್ಶೆಗಳು ಮುಕ್ಕಾಲು ಪಾಲು ಕಥಾಸಾರವಾಗಿ, ಕೊನೆಯ ನಾಲ್ಕು ಸಾಲು ಮಾತ್ರ ಅಭಿಪ್ರಾಯವಾಗಿ ಮುಗಿದುಹೋಗುತ್ತವೆ. ಈ ಚಿತ್ರಕ್ಕೆ ಇಷ್ಟು ಸಾಕು: ಸುಪಾರಿ ಹಂತಕರ ಪೈಕಿ ಎಲ್ಲರಿಗಿಂತ ಮೇಲಿನವನಾದ ರಾಬರ್ಟ್ ರಾತ್‌ಗೆ (ಸ್ಟಲೋನ್) ಈ ಕೆಲಸ ಬಿಡುವ ಮನಸ್ಸಾಗಿದೆ, ಆ ಸ್ಥಾನಕ್ಕೇರಲು ಹೊರಟ ಮಿಗೆಲ್ ಬೇನ್‌ಗೆ (ಬಾಂಡೆರಾಸ್) ಅವನನ್ನು ಕೊಲ್ಲುವುದೇ ದಾರಿ. ಎಲೆಕ್ಟ್ರಾ ಎಂಬ ಹೆಸರಿನಲ್ಲಿ ಕದ್ದ ಮಾಹಿತಿ ಮಾರುವ ಯುವತಿಯನ್ನು (ಮೂರ್) ಕೊಲ್ಲುವ ಸುಪಾರಿ ಇಬ್ಬರಿಗೂ ಎದುರಾದಾಗ, ರಾತ್ ಅವಳನ್ನು ಕೊಲ್ಲದೆ ಅವಳ ಜೊತೆ ಸೇರಿಕೊಳ್ಳುತ್ತಾನೆ. ಅವಳ ಕೈಲಿರುವ ಡಿಸ್ಕಿನಲ್ಲಿ ಏನಿದೆ ಎಂದು ವಿವರಿಸಲು ಹೋಗಬೇಡಿ, ಅದರಿಂದ ನಿಮ್ಮ ವಾದಕ್ಕೆ ಏನೂ ಸಿಗುವುದಿಲ್ಲ.

ಇನ್ನು ಎಚ್ಚರ ವಹಿಸಬೇಕಾದ ವಿಷಯ. ‘ಮೊದಲಾರ್ಧ ಚುರುಕು, ದ್ವಿತೀಯಾರ್ಧ ಎಳೆತ, ಛಾಯಾಗ್ರಹಣ ಕಣ್ಣಿಗೆ ಹಬ್ಬ’ ಎಂಬ ಸಿದ್ಧ ವಾಕ್ಯ ನಮ್ಮ ಕೈಬೆರಳಲ್ಲೇ ಕುಳಿತಿರುತ್ತದೆ, ನನ್ನ ಹಳೆಯ ಟಿಪ್ಪಣಿಗಳಲ್ಲಿ ಅದು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ನಮ್ಮ ಚಿತ್ರಗಳು ಮಧ್ಯಂತರವನ್ನು ಲೆಕ್ಕಕ್ಕಿಟ್ಟುಕೊಂಡೇ ಬರೆಯಲ್ಪಡುವುದರಿಂದ ಅರ್ಧಗಳ ಲೆಕ್ಕ ಅವಕ್ಕೆ ಸಲ್ಲುತ್ತದೆ. ಹಾಲಿವುಡ್ ಚಿತ್ರಕಥೆಯಲ್ಲಿ ಮಧ್ಯಂತರವೇ ಇರುವುದಿಲ್ಲ, ನಮ್ಮ ಚಿತ್ರಮಂದಿರಗಳು ತಮಗೆ ಅನುಕೂಲವಾದ ಕಡೆ ಕತ್ತರಿಸಿ ಸೇರಿಸುತ್ತವೆ. ಆದ್ದರಿಂದ ಅರ್ಧಗಳನ್ನು ಬಿಟ್ಟು, ಬಿಗಿ ಯಾವ ದೃಶ್ಯದಲ್ಲಿ ಸಡಿಲವಾಯಿತು ಎಂಬುದನ್ನು ಹೆಸರಿಸಿ ಹೇಳಬೇಕು. ‘ಬೋರು’ ಎಂಬುದು ನಿಮಗಾದ ಅನುಭವವೇ ಹೊರತು ಚಿತ್ರದ ದೋಷವಲ್ಲ, ದೋಷವೆಲ್ಲಿದೆಯೆಂದು ಹುಡುಕಿ ತೋರಿಸಬೇಕಾದದ್ದು ವಿಮರ್ಶಕನ ಕೆಲಸ.

ಹುಡುಕಾಟವನ್ನು ಚಿತ್ರದ ಅತ್ಯುತ್ತಮ ದೃಶ್ಯದಿಂದ ಶುರುಮಾಡಿ, ಕೆಟ್ಟ ದೃಶ್ಯದಿಂದಲ್ಲ. ಚಿತ್ರತಂಡಕ್ಕೆ ಏನು ಸಾಧ್ಯವಿತ್ತು ಎಂಬ ಅಳತೆಗೋಲು ಸಿಗುವುದು ಅಲ್ಲಿಯೇ. ‘ಅಸ್ಯಾಸಿನ್ಸ್’ನಲ್ಲಿ ಅದು ಸಿಯಾಟಲ್ ನಗರದ ಟ್ಯಾಕ್ಸಿ ದೃಶ್ಯ. ಸ್ಮಶಾನದಲ್ಲಿ ರಾತ್ ಕೊಲ್ಲಬೇಕಿದ್ದವನನ್ನು ಬೇನ್ ಮೊದಲೇ ಮುಗಿಸಿ, ಪೊಲೀಸರ ಕೈಯಿಂದಲೂ ತಪ್ಪಿಸಿಕೊಂಡು ಒಂದು ಟ್ಯಾಕ್ಸಿ ಹತ್ತುತ್ತಾನೆ. ಸ್ಟೀರಿಂಗ್ ಹಿಡಿದವನು ರಾತ್. ಇಬ್ಬರ ನಡುವೆ ಗುಂಡು ನುಗ್ಗದ ಗಾಜಿನ ತಡೆ. ಹಿಂದೆ ಕುಳಿತವನಿಗೆ ಡ್ರೈವರ್ ಯಾರೆಂಬ ಅನುಮಾನ ಬರುತ್ತದೆ, ಮುಂದೆ ಕುಳಿತವನಿಗೆ ಆ ಅನುಮಾನ ಬಂದಿರುವುದು ಗೊತ್ತಾಗುತ್ತದೆ, ಆದರೂ ಇಬ್ಬರೂ ಪ್ರಯಾಣಿಕ ಮತ್ತು ಚಾಲಕ ಆಡುವ ಮಾತನ್ನೇ ಆಡುತ್ತ ಹೋಗುತ್ತಾರೆ. ಇಲ್ಲಿ ಯಾರೂ ತಾನು ಎಷ್ಟು ಅಪಾಯಕಾರಿ ಎಂದು ಹೇಳಿಕೊಳ್ಳುವುದಿಲ್ಲ. ಜಾಗ ಇಕ್ಕಟ್ಟು, ಇಬ್ಬರಿಗೂ ಇಳಿಯಲು ದಾರಿಯಿಲ್ಲ, ಗಾಜು ಇಬ್ಬರನ್ನೂ ಕಾಪಾಡುತ್ತಲೇ ಇಬ್ಬರ ಕೈಯನ್ನೂ ಕಟ್ಟಿದೆ. ಪೈಪೋಟಿಯ ಕಥೆಗೆ ಬೇಕಾದದ್ದೆಲ್ಲ ಈ ಒಂದು ಕಾರಿನೊಳಗಿದೆ. ನಿಮ್ಮ ವಿಮರ್ಶೆಯಲ್ಲಿ ಇಂಥ ಒಂದು ದೃಶ್ಯವನ್ನು ಹೀಗೆ ಬಿಡಿಸಿ ಬರೆದರೆ, ಚಿತ್ರ ನೋಡದ ಓದುಗನಿಗೂ ಮುಂದೆ ನೀವು ಹೇಳುವ ದೂರು ಅರ್ಥವಾಗುತ್ತದೆ.

ಅದೇ ಅಳತೆಗೋಲನ್ನು ಈಗ ಸೋತ ದೃಶ್ಯಕ್ಕೆ ಹಿಡಿಯಿರಿ. ಕಥೆ ಪೋರ್ಟೊರಿಕೊದ ಸಾನ್ ಹುವಾನ್‌ಗೆ ಬಂದಾಗ ರಾತ್ ಬ್ಯಾಂಕಿನೊಳಗೆ ಹಣ ಪಡೆಯಲು ಹೋಗುತ್ತಾನೆ, ಎದುರಿನ ಪಾಳು ಕಟ್ಟಡದಲ್ಲಿ ಬೇನ್ ದೂರದ ಗುರಿಯ ಬಂದೂಕು ಹೂಡಿ ಕಾಯುತ್ತಾನೆ. ಬೇನ್‌ನ ತಾಳ್ಮೆ ಕೆಡುವವರೆಗೂ ಒಳಗೇ ಉಳಿಯುವುದು ರಾತ್‌ನ ಉಪಾಯ. ಉಪಾಯ ಸೊಗಸಾಗಿದೆ. ವರ್ಷಗಳ ಹಿಂದೆ ರಾತ್ ಇದೇ ಜಾಗದಲ್ಲಿ ನಿಕೊಲಾಯ್ ಎಂಬ ಹಂತಕನಿಗಾಗಿ ಹೀಗೆಯೇ ಕಾದಿದ್ದ ಎಂಬ ಹಿನ್ನೆಲೆಯೂ ಇದೆ. ಆದರೆ ಕಾಯುವಿಕೆ ಉಸಿರು ಬಿಗಿಹಿಡಿಸಬೇಕಾದರೆ ಗಡಿಯಾರ ಪ್ರೇಕ್ಷಕನ ಕೈಲಿರಬೇಕು: ಎಷ್ಟು ಹೊತ್ತು ಕಾಯಬೇಕು, ಬ್ಯಾಂಕು ಬಾಗಿಲು ಹಾಕಿದರೆ ಏನಾಗುತ್ತದೆ, ಯಾವ ಕ್ಷಣ ಮೀರಿದರೆ ಎಲ್ಲ ಕೈತಪ್ಪುತ್ತದೆ ಎಂಬುದು ಅವನ ಮನಸ್ಸಿಗೆ ನಾಟಿರಬೇಕು. ಇಲ್ಲಿ ಆ ಕೆಲಸ ಎಲೆಕ್ಟ್ರಾಳ ಪಾಲಿಗೆ ಬಂದಿದೆ. ಅವಳು ಹೊರಗೆ ಕುಳಿತು ರಾತ್‌ನ ಕಿವಿಗೆ ವರದಿ ಒಪ್ಪಿಸುತ್ತಾಳೆ, ಬೇನ್ ಬೆವರುತ್ತ ಸಿಡಿಮಿಡಿಗೊಳ್ಳುತ್ತಾನೆ. ಬಿಗಿಯಾಗಬೇಕಾದ ದೃಶ್ಯ ಹೀಗೆ ಬರೀ ಉದ್ದವಾಗುತ್ತದೆ. ನನ್ನ ಕೈ ಫೋನಿಗೆ ಹೋದದ್ದು ಇಲ್ಲಿಯೇ.

ನೋಟ್‌ಬುಕ್ಕಿನ ಮೂರನೆಯ ಸಾಲನ್ನು ತೆರೆದು ನೋಡಿದರೆ ಮೂಲ ದೋಷವೂ ಸಿಗುತ್ತದೆ. ಬೇನ್‌ಗೆ ಎಲ್ಲರಿಗಿಂತ ಮೇಲಿನವನಾಗಬೇಕು ಎಂಬುದು ನಮಗೆ ತಿಳಿಯುವುದು ಬಹುಪಾಲು ಮಾತಿನಿಂದ. ಆದರೆ ಒಬ್ಬರ ಮುಖ ಒಬ್ಬರು ನೋಡದ, ಕೆಲಸ ಕೊಡುವವನೂ ಕಂಪ್ಯೂಟರ್ ಪರದೆಯ ಹಿಂದಿರುವ ವೃತ್ತಿಯಲ್ಲಿ ಮೊದಲ ಸ್ಥಾನ ಎಂದರೇನು? ಅದನ್ನು ಒಪ್ಪಿಕೊಳ್ಳುವವರು ಯಾರು, ಅದರಿಂದ ಸಿಗುವುದೇನು? ಈ ಪ್ರಶ್ನೆಗೆ ಚಿತ್ರ ಉತ್ತರ ಕೊಟ್ಟಿದ್ದರೆ ಬೇನ್‌ನ ಹಸಿವು ನಮಗೂ ತಟ್ಟುತ್ತಿತ್ತು. ಉತ್ತರವಿಲ್ಲದ ಕಾರಣ ಬಾಂಡೆರಾಸ್ ಎಲ್ಲವನ್ನೂ ಕಣ್ಣರಳಿಸಿ, ದನಿಯೇರಿಸಿ ತುಂಬಬೇಕಾಗಿದೆ. ಇತ್ತ ಸ್ಟಲೋನ್ ದನಿ ತಗ್ಗಿಸಿ, ಮುಖ ಬಿಗಿದುಕೊಂಡು ನಡೆಯುತ್ತಾರೆ. ಬಿಡುಗಡೆಯ ಹೊತ್ತಿಗೆ ಸ್ಟಲೋನ್‌ಗೆ 49, ಬಾಂಡೆರಾಸ್‌ಗೆ 35 ವರ್ಷ. ಈ ಅಂತರವೇ ಕಥೆಯ ಬಂಡವಾಳವಾಗಬೇಕಿತ್ತು, ಆಗಿರುವುದು ಮಾತ್ರ ಇಬ್ಬರೂ ಬೇರೆ ಬೇರೆ ಚಿತ್ರಗಳಲ್ಲಿ ನಟಿಸುತ್ತಿರುವ ಹಾಗೆ.

ಇಷ್ಟಾದ ಮೇಲೆ ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂಬ ಪ್ರಶ್ನೆ. ಆ ವರ್ಷದ ಅತಿ ಕೆಟ್ಟ ನಟನೆಗಾಗಿ ಕೊಡುವ ರ‍್ಯಾಜಿ ಅಪಹಾಸ್ಯ ಪ್ರಶಸ್ತಿಗೆ ಸ್ಟಲೋನ್ ಹೆಸರು ಈ ಚಿತ್ರಕ್ಕೂ ‘ಜಡ್ಜ್ ಡ್ರೆಡ್‌’ಗೂ ಸೇರಿಸಿ ನಾಮನಿರ್ದೇಶನಗೊಂಡಿತ್ತು, ಆದರೆ ಸುಲಭಕ್ಕೆ ಸಿಗುವ ನಟನನ್ನೇ ಹಿಡಿದು ಬಡಿಯುವುದು ವಿಮರ್ಶೆಯಲ್ಲ. ಶ್ರೇಯಪಟ್ಟಿಯನ್ನು ಓದಿ. ಮೂಲ ಚಿತ್ರಕಥೆ ವಚೌಸ್ಕಿ ಸೋದರಿಯರದು, ಮುಂದೆ 1999ರಲ್ಲಿ ‘ದಿ ಮೇಟ್ರಿಕ್ಸ್’ ಮಾಡಿದವರು ಇವರೇ. ಅದನ್ನು ಬ್ರಯಾನ್ ಹೆಲ್ಗೆಲ್ಯಾಂಡ್ ತಿದ್ದಿ ಬರೆದರು. ತಮ್ಮ ಹೆಸರನ್ನು ಚಿತ್ರದಿಂದ ತೆಗೆಸಲು ವಚೌಸ್ಕಿಗಳು ಯತ್ನಿಸಿದರೂ ಅದು ಫಲಿಸಲಿಲ್ಲ. ಹೆಲ್ಗೆಲ್ಯಾಂಡ್ ಎರಡು ವರ್ಷಗಳ ಬಳಿಕ ‘ಎಲ್.ಎ. ಕಾನ್ಫಿಡೆನ್ಷಿಯಲ್’ ಚಿತ್ರಕಥೆಗಾಗಿ ಆಸ್ಕರ್ ಹಂಚಿಕೊಂಡವರು, ಹಾಗಾಗಿ ‘ಬರೆಯಲು ಬಾರದವರು ಬರೆದರು’ ಎನ್ನುವಂತೆಯೂ ಇಲ್ಲ. ಇಂಥ ಹಿನ್ನೆಲೆಯನ್ನು ಒಂದೆರಡು ವಾಕ್ಯಗಳಲ್ಲಿ ಕೊಡಿ. ಯಾವ ಸಾಲು ಯಾರದ್ದೆಂದು ಊಹಿಸಿ ತೀರ್ಪು ಕೊಡಲು ಮಾತ್ರ ಹೋಗಬೇಡಿ, ತೆರೆಯ ಮೇಲೆ ಉಳಿದದ್ದಷ್ಟೇ ನಿಮ್ಮ ಸಾಕ್ಷ್ಯ.

ಹೋಲಿಕೆ ಬೇಕೆನಿಸಿದರೆ ಅದೇ ಕಾಲದ, ಅದೇ ಸಮಸ್ಯೆಯನ್ನು ಎದುರಿಸಿದ ಒಂದೇ ಚಿತ್ರವನ್ನು ಆರಿಸಿ. ಅದೇ 1995ರ ಡಿಸೆಂಬರಿನಲ್ಲಿ ಬಂದ ಮೈಕಲ್ ಮಾನ್ ಅವರ ‘ಹೀಟ್’ ಇಲ್ಲಿ ಸರಿಹೊಂದುತ್ತದೆ. ಅಲ್ಲಿ ಪೊಲೀಸ್ ಅಧಿಕಾರಿಯೂ ದರೋಡೆಕೋರನೂ ಒಂದೇ ಮೇಜಿನಲ್ಲಿ ಕಾಫಿ ಮುಂದಿಟ್ಟುಕೊಂಡು ಮಾತಾಡುವ ಹೊತ್ತಿಗೆ ಇಬ್ಬರ ಮನೆ, ಕೆಲಸ, ಒಂಟಿತನ ಎಲ್ಲವೂ ನಮಗೆ ಗೊತ್ತಿರುತ್ತದೆ, ಆದ್ದರಿಂದ ಬಂದೂಕು ಹೊರಬರದೆಯೂ ಆ ಮಾತು ನಡುಗಿಸುತ್ತದೆ. ಅದು ‘ಅಸ್ಯಾಸಿನ್ಸ್‌’ಗಿಂತ ಅರ್ಧ ಗಂಟೆಗೂ ಹೆಚ್ಚು ಉದ್ದದ ಚಿತ್ರ. ‘ಅಸ್ಯಾಸಿನ್ಸ್’ ಸೋತದ್ದು ಉದ್ದದಿಂದ ಎಂಬ ವಾದ ಅಲ್ಲಿಗೆ ಬಿದ್ದುಹೋಗುತ್ತದೆ.

ಕರಡು ಮುಗಿದ ಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ಓದಿ. ಗುಣವಾಚಕಗಳನ್ನು ಎಣಿಸಿ: ‘ಅದ್ಭುತ’, ‘ನೀರಸ’, ‘ಪೇಲವ’ ಇವುಗಳ ಪಕ್ಕದಲ್ಲಿ ದೃಶ್ಯದ ಆಧಾರವಿಲ್ಲದಿದ್ದರೆ ಹೊಡೆದುಹಾಕಿ. ಪಾತ್ರಗಳ ಹೆಸರು, ಊರು, ಇಸವಿಗಳನ್ನು ಚಿತ್ರದ ಜೊತೆಗೇ ತಾಳೆ ನೋಡಿ. ಕೊನೆಯ ಪ್ಯಾರಾದಲ್ಲಿ ‘ಆದರೂ ಕೆಲವು ಒಳ್ಳೆಯ ಅಂಶಗಳಿವೆ’ ಎಂದು ಸಮಾಧಾನದ ಬಹುಮಾನ ಹಂಚುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಹೊಗಳಿಕೆಯನ್ನು ದೂರಿನ ಪಕ್ಕದಲ್ಲೇ ಇಡಿ. ಉದಾಹರಣೆಗೆ, ಚಿತ್ರದ ಅಂತ್ಯದಲ್ಲಿ ರಾತ್‌ಗೆ ಬೆನ್ನ ಹಿಂದಿರುವ ಬೇನ್ ಕಾಣುವುದು ಎಲೆಕ್ಟ್ರಾಳ ತಂಪು ಕನ್ನಡಕದಲ್ಲಿ ಮೂಡಿದ ಬಿಂಬವಾಗಿ, ಅವನು ತಿರುಗದೆಯೇ ತನ್ನ ಕೋಟಿನ ಮೂಲಕ ಗುಂಡು ಹಾರಿಸುತ್ತಾನೆ. ಅಲ್ಲಿ ಕಿವಿಯಲ್ಲಿ ವರದಿ ಒಪ್ಪಿಸುವವರಿಲ್ಲ, ಕನ್ನಡಕದ ಗಾಜಿನಷ್ಟೇ ಅಗಲದ ಚಿತ್ರದಲ್ಲಿ ಎಲ್ಲವೂ ತಿಳಿಯುತ್ತದೆ. ಬ್ಯಾಂಕಿನ ದೃಶ್ಯದ ಬಗ್ಗೆ ಬರೆದ ಪ್ಯಾರಾದಲ್ಲೇ ಇದಕ್ಕೆ ಎರಡು ಸಾಲಿನ ಜಾಗ ಮಾಡಿಕೊಡಿ.