ಎರೆ ಮಣ್ಣಿನ ಸೀಮೆಯಲ್ಲಿ ಕಾರಿನ ಸ್ಟೀರಿಂಗ್, ಸಸ್ಪೆನ್ಷನ್ ಕಾಪಾಡುವುದು

ಗದಗ ಸುತ್ತಲಿನ ಎರೆ ಹೊಲಗಳಿಗೆ ಹೋಗಿಬರುವ ಕಾರಿಗೆ ಮಳೆಗಾಲ ಕಠಿಣ. ಚಕ್ರದ ಒಳಬದಿಗೆ ಮೆತ್ತಿದ ಮಣ್ಣು ಒಣಗಿದರೆ ಕಲ್ಲಿನಂತಾಗುತ್ತದೆ. ಅಷ್ಟೇ ಸಾಕು, ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗತೊಡಗುತ್ತದೆ. ಹೊಲದಿಂದ ಬಂದ ದಿನವೇ, ಮಣ್ಣು ಹಸಿಯಿರುವಾಗಲೇ ನಾನು ತೊಳೆದುಬಿಡುತ್ತೇನೆ.

ತೊಳೆದ ಮೇಲೆ ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂಬದಿಯನ್ನು ನೋಡಿ. ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗುಂಡು ಕೀಲಾದ ಬಾಲ್ ಜಾಯಿಂಟಿಗೂ, ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಾದ ಟೈ ರಾಡ್ ತುದಿಗೂ ರಬ್ಬರಿನ ಹೊದಿಕೆ ಇರುತ್ತದೆ. ಅದು ಹರಿದರೆ ಗ್ರೀಸ್ ಹೊರಬಂದು ಕೆಸರು ಒಳನುಗ್ಗುತ್ತದೆ. ಜಾಯಿಂಟ್ ಬೇಗ ಸವೆಯುತ್ತದೆ. ಎರಡು ವರ್ಷದ ಹಿಂದೆ ಅಣ್ಣಿಗೇರಿ ದಾಟುವಾಗ ಕಟಕಟ ಸದ್ದು ಕೇಳಿಯೂ ನಾನು ಸುಮ್ಮನಿದ್ದೆ. ಹುಬ್ಬಳ್ಳಿಯಲ್ಲಿ ಮೇಸ್ತ್ರಿ ಚಕ್ರ ಅಲುಗಾಡಿಸಿ ತೋರಿಸಿದಾಗ ಎದೆ ಧಸಕ್ಕೆಂದಿತು. ಆ ದಿನ ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಆ ಪರೀಕ್ಷೆಯನ್ನು ನೀವೂ ಮಾಡಬಹುದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಇಡಿ. ಕಾರಿನ ಕೆಳಗೆ ಮಾತ್ರ ನುಸುಳಬೇಡಿ. ಚಕ್ರದ ಎಡಬಲ ಹಿಡಿದು ಅಲುಗಿಸಿದಾಗ ಸಡಿಲವೆನಿಸಿದರೆ ಟೈ ರಾಡ್ ಮೇಲೆ ಸಂಶಯಪಡಿ. ಮೇಲೆ ಕೆಳಗೆ ಹಿಡಿದಾಗ ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಚಕ್ರ ಸರಾಗ ತಿರುಗಿಸುವ ಬೇರಿಂಗ್ ಮೇಲೆ.

ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿದ್ದರೆ ಎಡ, ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಟೈ ರಾಡ್ ಬದಲಿಸಿದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವ ಕೆಲಸ, ಮಾಡಿಸಲೇಬೇಕು, ಇಲ್ಲದಿದ್ದರೆ ಹೊಸ ಟೈರಿನ ಒಂದು ಅಂಚು ಸವೆದುಹೋಗುತ್ತದೆ.