ಕರಿಹಲಗೆಯ ಮೇಲೇ ಪ್ರೊಜೆಕ್ಟರ್: ಹೃದಯದ ಪಾಠ ಮಾಡಿದ ನನ್ನ ಅನುಭವ

ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಹೃದಯದ ಚಿತ್ರ ಪರೀಕ್ಷೆಯ ಖಾಯಂ ಗಿರಾಕಿ. ಹಾಗಾಗಿ ಮಕ್ಕಳು ಅದನ್ನು ಬರೆದು ಬರೆದು ಕೈ ಪಳಗಿಸಿಕೊಂಡಿರುತ್ತಾರೆ. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಮಾತ್ರ ಕ್ಲಾಸೇ ಗಪ್‌ಚುಪ್.

ನಾನು ಪರದೆ ಕಟ್ಟುವುದಿಲ್ಲ. ಪ್ರೊಜೆಕ್ಟರನ್ನು ಸೀದಾ ಕರಿಹಲಗೆಗೇ ತಿರುಗಿಸುತ್ತೇನೆ. ಸ್ಲೈಡಿನ ಹಿನ್ನೆಲೆ ಪೂರ್ತಿ ಕಪ್ಪು, ಚಿತ್ರ ಬರೀ ಬಿಳಿ ಗೆರೆ. ಕಿಟಕಿ ಮುಚ್ಚಿದರೆ ಚೆನ್ನಾಗೇ ಕಾಣುತ್ತದೆ. ಹೆಸರು, ಬಾಣ, ಬಣ್ಣ ಯಾವುದೂ ಇರುವುದಿಲ್ಲ. ನೆಟ್‌ನಲ್ಲಿ ಸಿಗುವ ಸ್ಲೈಡ್‌ಗಳಲ್ಲಿ ಎಲ್ಲವನ್ನೂ ತುಂಬಿಟ್ಟಿರುತ್ತಾರೆ, ಮಕ್ಕಳಿಗೆ ಮಾಡೋಕೆ ಏನೂ ಉಳಿದಿರುವುದಿಲ್ಲ.

ಮೊದಲು ಸ್ವಲ್ಪ ಹೊತ್ತು ಸುಮ್ನೆ ನೋಡಿಸುತ್ತೇನೆ. ಆಮೇಲೆ ಕೀಬೋರ್ಡಿನಲ್ಲಿ 'ಬಿ' ಒತ್ತಿದರೆ ಪವರ್‌ಪಾಯಿಂಟ್ ಸ್ಲೈಡ್ ಮಾಯ. ಈಗ ನೆನಪಿನಿಂದ ಬರೆಯಬೇಕು. ಮತ್ತೆ 'ಬಿ' ಒತ್ತಿದಾಗ ತಾವೇ ಹೋಲಿಸಿ ನೋಡಿ, ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳುತ್ತಾರೆ. ರಬ್ಬರ್ ಮುಟ್ಟುವಂತಿಲ್ಲ. ಅಳಿಸಿಬಿಟ್ಟರೆ ಎಲ್ಲಿ ಎಡವಿದರು ಅಂತ ನನಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ.

ಹೆಚ್ಚಿನವರು ನಾಲ್ಕೂ ಕೋಣೆಗಳಿಗೆ ಒಂದೇ ದಪ್ಪದ ಗೋಡೆ ಎಳೆದಿರುತ್ತಾರೆ. ಸ್ಲೈಡ್ ವಾಪಸ್ ಬಂದಾಗ ಎಡ ಹೃತ್ಕುಕ್ಷಿಯ (ರಕ್ತವನ್ನು ಹೊರಕ್ಕೆ ತಳ್ಳುವ ಕೆಳಗಿನ ಕೋಣೆ) ದಪ್ಪ ಗೋಡೆ ಕಣ್ಣಿಗೆ ಹೊಡೆಯುತ್ತದೆ. ಯಾಕೆ ಹಾಗೆ ಅಂತ ಅವರೇ ಕೇಳುತ್ತಾರೆ. ಬಲ ಹೃತ್ಕುಕ್ಷಿ ರಕ್ತ ತಳ್ಳುವುದು ಪಕ್ಕದ ಶ್ವಾಸಕೋಶಕ್ಕೆ, ಎಡದ್ದು ಇಡೀ ದೇಹಕ್ಕೆ. ಅಷ್ಟು ಹೇಳಿದರೆ ಸಾಕು.

ನನಗೆ ಇಷ್ಟವಾದ ಭಾಗ ಮುಂದಿನದು. ಹಲಗೆಯ ಮೇಲೆ ಬಿದ್ದ ಚಿತ್ರದಲ್ಲೇ ಒಬ್ಬೊಬ್ಬರು ಬಂದು ಸೀಮೆಸುಣ್ಣದಲ್ಲಿ ರಕ್ತದ ದಾರಿ ಎಳೆಯಬೇಕು. ಒಬ್ಬ ಹುಡುಗ ಬಲ ಹೃತ್ಕರ್ಣದಿಂದ (ಮೇಲಿನ ಕೋಣೆ) ನಡುಗೋಡೆ ದಾಟಿಸಿ ನೇರ ಎಡಕ್ಕೆ ಬಾಣ ಎಳೆದ. "ಗೋಡೆ ಒಡ್ಕೊಂಡು ಹೋಗುತ್ತೇನೋ?" ಅಂತ ಹಿಂದಿನ ಬೆಂಚಿನಿಂದ ಕೂಗು. ನಾನು ಬಾಣ ಅಳಿಸಲಿಲ್ಲ. "ಹೀಗೇ ಹೋಗಲಿ ಬಿಡಿ, ಏನು ನಷ್ಟ?" ಅಂದೆ. ಸ್ವಲ್ಪ ಹೊತ್ತಿಗೆ ಒಬ್ಬಳು, "ಮತ್ತೆ ಆಕ್ಸಿಜನ್ ಎಲ್ಲಿ ಸಿಗುತ್ತೆ ಸಾರ್?" ಅಂದಳು. ಶ್ವಾಸಕೋಶದ ದಾರಿಯನ್ನು ಉಳಿದವರೇ ಎಳೆದರು. ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ, ಅಲ್ಲಿ ಆಕ್ಸಿಜನ್ ಹೆಚ್ಚಿರುವ, ಕಡಿಮೆ ಇರುವ ಎರಡೂ ರಕ್ತ ಸ್ವಲ್ಪ ಮಟ್ಟಿಗೆ ಬೆರೆಯುತ್ತದೆ ಅನ್ನುವುದಕ್ಕೂ ಆ ತಪ್ಪು ಬಾಣವೇ ಉಪಯೋಗಕ್ಕೆ ಬಂತು.

ದಾರಿ ಮುಗಿದ ಮೇಲೆ ಪ್ರೊಜೆಕ್ಟರ್ ಆಫ್. ಹೃದಯ ಮಾಯ, ಬಾಣಗಳಷ್ಟೇ ಉಳಿಯುತ್ತವೆ. ಬಾಣ ನೋಡಿಕೊಂಡು ಯಾವ ಕೋಣೆ ಎಲ್ಲಿತ್ತು ಅಂತ ಹೇಳಬೇಕು. (ಕರೆಂಟ್ ಹೋದರೂ ಇದೇ ಆಟ.)

ಚಿತ್ರದಲ್ಲಿ ಎಡಭಾಗ ನಮ್ಮ ಬಲಕ್ಕೆ ಕಾಣುವುದು ದೊಡ್ಡ ತಲೆನೋವು, ಅಲ್ವಾ? ಬರೆದ ಹಾಳೆಯನ್ನು, ಚಿತ್ರ ಎದುರಿನವರಿಗೆ ಕಾಣುವ ಹಾಗೆ, ಎದೆಗೆ ಹಿಡಿದುಕೊಳ್ಳಲು ಹೇಳುತ್ತೇನೆ. ಎಡ ಎಡಕ್ಕೇ ಬರುತ್ತದೆ. ಇನ್ನು ನೀಲಿ ಬಣ್ಣ ಬಿಟ್ಟುಬಿಟ್ಟಿದ್ದೇನೆ. ಆಕ್ಸಿಜನ್ ಕಡಿಮೆ ಇರುವ ರಕ್ತ ಕಡುಗೆಂಪು, ಆದರೆ ಚಿತ್ರ ನೋಡಿ ನೋಡಿ ಅದು ನೀಲಿ ಅಂತಲೇ ನಂಬಿದವರು ಜಾಸ್ತಿ.

ಇದಕ್ಕೆಲ್ಲ ಒಂದು ಪೀರಿಯಡ್ ಸಾಲುವುದಿಲ್ಲ. ಹಾಗಾಗಿ ಎಲ್ಲ ಚಿತ್ರಕ್ಕೂ ಮಾಡಲ್ಲ. ಏನಾದರೂ ಹರಿಯುವ, ಚಲಿಸುವ ಕಡೆ ಮಾತ್ರ: ನೆಫ್ರಾನ್ (ಮೂತ್ರಪಿಂಡದೊಳಗಿನ ಸೋಸುವ ಪುಟ್ಟ ಕೊಳವೆ), ಮಸೂರದ ಕಿರಣಚಿತ್ರ. ಉಳಿದವನ್ನು ಪುಸ್ತಕ ನೋಡಿ ಬರೆದರೂ ನಡೆಯುತ್ತದೆ.